ಚೀನೀ ಓದುಗನ ಕಣ್ಣು ಎಲ್ಲಿ ನಿಲ್ಲುತ್ತದೆ?

ಮನುಷ್ಯನ ಎರಡು ಕಣ್ಣುಗಳು ಅಕ್ಕಪಕ್ಕದಲ್ಲಿವೆಯೇ ಹೊರತು ಒಂದರ ಮೇಲೊಂದು ಇಲ್ಲ. ಹಾಗಿರುವಾಗ ಅಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ಓದುವ ಕಷ್ಟವೇಕೆ? 1917ರಲ್ಲಿ ಚೀನಾದ ಭಾಷಾ ವಿದ್ವಾಂಸ ಚಿಯೆನ್ ಶುವಾನ್‌ತುಂಗ್ ಎತ್ತಿದ ಪ್ರಶ್ನೆ ಇದು. ಚೀನೀ ಭಾಷೆಯೂ ಇಂಗ್ಲಿಷಿನಂತೆ ಎಡದಿಂದ ಬಲಕ್ಕೆ ಅಡ್ಡ ಸಾಲುಗಳಲ್ಲಿ ಅಚ್ಚಾಗಬೇಕು ಎಂಬುದು ಅವರ ವಾದವಾಗಿತ್ತು. ವಾದ ಪ್ರಕಟವಾದದ್ದು ಆ ಕಾಲದ ಸುಧಾರಕರ ಮುಖವಾಣಿಯಾಗಿದ್ದ ‘ಶಿನ್ ಚಿಂಗ್‌ನಿಯೆನ್’ (ನವ ಯುವಜನ) ಪತ್ರಿಕೆಯಲ್ಲಿ. ಆದರೆ ಆ ಪತ್ರಿಕೆ ಅಚ್ಚಾಗುತ್ತಿದ್ದುದು ಮೇಲಿನಿಂದ ಕೆಳಕ್ಕಿಳಿಯುವ ಲಂಬ ಸಾಲುಗಳಲ್ಲೇ!

ಮರುವರ್ಷ ಚಿಯೆನ್ ಇನ್ನೂ ಮುಂದೆ ಹೋದರು. ಸಾಲಿನ ದಿಕ್ಕು ಬದಲಾದರೆ ಸಾಲದು, ಚೀನೀ ಲಿಪಿಯನ್ನೇ ಕೈಬಿಡಬೇಕು ಎಂದರು. ಹಾಗೆ ಹೇಳಿದವರು ಅವರೊಬ್ಬರೇ ಅಲ್ಲ. ಹೆಸರಾಂತ ಕಥೆಗಾರ ಲು ಶುನ್ ಕೂಡ ಮುಂದೆ ಇದೇ ನಿಲುವು ತಳೆದರು. ಸಾವಿರಾರು ಅಕ್ಷರಗಳ ಈ ಲಿಪಿಯೇ ದೇಶದ ಅನಕ್ಷರತೆಗೂ ಹಿಂದುಳಿದಿರುವಿಕೆಗೂ ಕಾರಣ ಎಂದು ಅಂದಿನ ಅನೇಕ ವಿದ್ಯಾವಂತರು ನಂಬಿದ್ದರು. ಒಂದು ನಾಗರಿಕತೆ ತನ್ನ ಮೂರು ಸಾವಿರ ವರ್ಷಗಳ ಬರವಣಿಗೆಯನ್ನು ಬಿಟ್ಟುಬಿಡಬೇಕೇ ಎಂಬಷ್ಟು ದೊಡ್ಡ ಪ್ರಶ್ನೆ ಅದು.

ಈ ಲಿಪಿ ನಿಜಕ್ಕೂ ಓದುಗನ ಕಣ್ಣಿಗೆ ಹೊರೆಯೇ? ವಾದದಿಂದ ಇತ್ಯರ್ಥವಾಗದ ಈ ಪ್ರಶ್ನೆಗೆ ಉತ್ತರ ಹುಡುಕಿದವರು ಮನೋವಿಜ್ಞಾನಿಗಳು. ಅವರು ಓದುಗನ ಕಣ್ಣನ್ನೇ ಅಳೆಯಲು ಹೊರಟರು. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಆರಂಭವಾದ ಆ ಹುಡುಕಾಟ ಬೀಜಿಂಗ್‌ನ ಚೀನೀ ವಿಜ್ಞಾನ ಅಕಾಡೆಮಿಯ ಮನೋವಿಜ್ಞಾನಿ ಲಿ ಶಿಂಗ್‌ಶಾನ್ ಅವರ ಸಂಶೋಧನೆಗಳವರೆಗೆ ಬಂದು ಮುಟ್ಟಿದೆ.

ಕಣ್ಣು ಹರಿಯುವುದಿಲ್ಲ, ನೆಗೆಯುತ್ತದೆ

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿದು ಹೋಗುತ್ತದೆ ಎಂದು ನಮಗೆ ಅನ್ನಿಸುತ್ತದೆ. ಅದು ಭ್ರಮೆ. ಕಣ್ಣು ಸಾಲಿನ ಒಂದು ಕಡೆ ಕ್ಷಣಕಾಲ ನಿಲ್ಲುತ್ತದೆ, ತಟ್ಟನೆ ಮುಂದಕ್ಕೆ ನೆಗೆಯುತ್ತದೆ, ಮತ್ತೆ ನಿಲ್ಲುತ್ತದೆ. ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ 1870ರ ದಶಕದ ಕೊನೆಗೆ ಈ ಸಂಗತಿ ಗಮನಕ್ಕೆ ಬಂತು.

ಒಂದೊಂದು ನಿಲುಗಡೆ ಸಾಮಾನ್ಯವಾಗಿ ಒಂದು ಸೆಕೆಂಡಿನ ನಾಲ್ಕನೇ ಒಂದು ಭಾಗದಷ್ಟು ಹೊತ್ತಿನದು. ನೆಗೆತಕ್ಕೆ ಬೇಕಾಗುವ ಸಮಯ ಅದಕ್ಕಿಂತ ಎಷ್ಟೋ ಕಡಿಮೆ. ನೆಗೆಯುತ್ತಿರುವಾಗ ಕಣ್ಣಿಗೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಓದು ನಡೆಯುವುದೆಲ್ಲ ನಿಂತಾಗಲೇ. ಇದಕ್ಕೆ ಕಾರಣ ಕಣ್ಣಿನ ರಚನೆ. ಅಕ್ಷಿಪಟಲದ ನಡುವಿನ ಒಂದು ಪುಟ್ಟ ಭಾಗಕ್ಕೆ ಮಾತ್ರ ಸಣ್ಣ ಅಕ್ಷರಗಳನ್ನು ಬಿಡಿಸಿ ನೋಡುವ ಶಕ್ತಿಯಿದೆ. ಅಂಚಿಗೆ ಹೋದಂತೆ ನೋಟ ಮಸುಕಾಗುತ್ತದೆ. ಆದ್ದರಿಂದ ಓದಬೇಕಾದುದನ್ನೆಲ್ಲ ಒಂದೊಂದಾಗಿ ಆ ನಡುಭಾಗದ ಎದುರಿಗೆ ತಂದುಕೊಳ್ಳಬೇಕಾಗುತ್ತದೆ. ಈ ಲೇಖನದ ಒಂದು ಸಾಲು ಮುಗಿಸುವಷ್ಟರಲ್ಲಿ ನಿಮ್ಮ ಕಣ್ಣು ಹಲವು ಸಲ ನಿಂತು, ಹಲವು ಸಲ ನೆಗೆದು, ಬಹುಶಃ ಒಮ್ಮೆ ಹಿಂದಕ್ಕೂ ಹೋಗಿ ಬಂದಿರುತ್ತದೆ.

ಇದನ್ನು ಅಳೆಯುವುದು ಆರಂಭದಲ್ಲಿ ಸುಲಭವಿರಲಿಲ್ಲ. ಅಮೆರಿಕದ ಎಡ್ಮಂಡ್ ಹ್ಯೂಯಿ ಎಂಬ ಸಂಶೋಧಕ ಪ್ಲಾಸ್ಟರ್‌ನಿಂದ ಮಾಡಿದ ಪುಟ್ಟ ಬಟ್ಟಲನ್ನು ಓದುಗನ ಕಣ್ಣಗುಡ್ಡೆಗೇ ಕೂರಿಸಿ, ಅದಕ್ಕೆ ಹಗುರವಾದ ಕಡ್ಡಿ ಜೋಡಿಸಿ, ಹೊಗೆ ಹಿಡಿಸಿದ ಕಾಗದದ ಮೇಲೆ ಕಣ್ಣಿನ ಚಲನೆಯ ಗೆರೆ ಮೂಡುವಂತೆ ಮಾಡಿದ್ದರು. ಕಣ್ಣಿಗೆ ಅರಿವಳಿಕೆಯಾಗಿ ಕೊಕೇನ್ ಹಾಕುತ್ತಿದ್ದರು. ಮುಂದೆ ಕಣ್ಣಿನಿಂದ ಪ್ರತಿಫಲಿಸಿದ ಬೆಳಕನ್ನೇ ಛಾಯಾಚಿತ್ರವಾಗಿ ಸೆರೆಹಿಡಿಯುವ ವಿಧಾನ ಬಂತು. ಓದುಗನಿಗೆ ನೋವಿಲ್ಲದ ಈ ವಿಧಾನದಿಂದ ಸಂಶೋಧನೆ ಚುರುಕಾಯಿತು.

ಅಮೆರಿಕಕ್ಕೆ ಹೋದ ಚೀನೀ ವಿದ್ಯಾರ್ಥಿಗಳು

1920ರ ದಶಕದಲ್ಲಿ ಉನ್ನತ ವ್ಯಾಸಂಗಕ್ಕೆಂದು ಅಮೆರಿಕಕ್ಕೆ ಹೋದ ಚೀನೀ ತರುಣರಲ್ಲಿ ಕೆಲವರು ಮನೋವಿಜ್ಞಾನವನ್ನು ಆರಿಸಿಕೊಂಡರು. ತಮ್ಮ ದೇಶದಲ್ಲಿ ಕಾವೇರಿದ್ದ ಲಿಪಿಯ ಚರ್ಚೆ ಅವರ ಮನಸ್ಸಿನಲ್ಲಿತ್ತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಯೂಜೀನ್ ಶೆನ್ ಎಂಬ ಹೆಸರಿನಲ್ಲಿ ಓದುತ್ತಿದ್ದ ತರುಣ, ಪ್ರಾಧ್ಯಾಪಕ ವಾಲ್ಟರ್ ಮೈಲ್ಸ್ ಅವರೊಂದಿಗೆ ಸೇರಿ ಚೀನೀ ಓದುಗರ ಕಣ್ಣಿನ ಚಲನೆಯನ್ನು ಛಾಯಾಚಿತ್ರದಲ್ಲಿ ದಾಖಲಿಸಿದರು. ಒಂದು ಸಲ ಲಂಬ ಸಾಲು, ಇನ್ನೊಂದು ಸಲ ಅಡ್ಡ ಸಾಲು. 1925ರಲ್ಲಿ ಈ ವರದಿ ಪ್ರಕಟವಾಯಿತು.

ಮರುವರ್ಷ ಚೆನ್ ಎಂಬ ಸಂಶೋಧಕರು ಹಾರ್ವಿ ಕಾರ್ ಅವರೊಂದಿಗೆ ಓದುವ ವೇಗವನ್ನು ಪರೀಕ್ಷಿಸಿದರು. ಚೀನೀ ವಿದ್ಯಾರ್ಥಿಗಳು ಚೀನೀ ಬರಹವನ್ನು ಲಂಬ ಸಾಲುಗಳಲ್ಲೇ ಹೆಚ್ಚು ಬೇಗ ಓದುತ್ತಿದ್ದರು. ಅದೇ ವಿದ್ಯಾರ್ಥಿಗಳು ಇಂಗ್ಲಿಷನ್ನು ಅಡ್ಡ ಸಾಲುಗಳಲ್ಲಿ ಬೇಗ ಓದಿದರು. ಕಣ್ಣುಗಳು ಅಕ್ಕಪಕ್ಕ ಇರುವುದೇ ಕಾರಣವಾಗಿದ್ದರೆ ಎರಡು ಭಾಷೆಗೂ ಒಂದೇ ಫಲ ಬರಬೇಕಿತ್ತು. ಬರಲಿಲ್ಲ. ಯಾವ ಭಾಷೆಯನ್ನು ಯಾವ ದಿಕ್ಕಿನಲ್ಲಿ ಓದಿ ಅಭ್ಯಾಸವಿತ್ತೋ ಆ ದಿಕ್ಕಿನಲ್ಲಿ ಕಣ್ಣು ಬೇಗ ಸಾಗುತ್ತಿತ್ತು.

ಇದಕ್ಕೆ ಇನ್ನೊಂದು ಸಾಕ್ಷ್ಯ ಅರವತ್ತು ವರ್ಷಗಳ ನಂತರ ದೊರೆಯಿತು. ಈ ನಡುವೆ ಚೀನಾದಲ್ಲಿ ದೊಡ್ಡ ಬದಲಾವಣೆಯೇ ಆಗಿಹೋಗಿತ್ತು. 1955ರ ಜನವರಿ 1ರಂದು ‘ಗುವಾಂಗ್‌ಮಿಂಗ್ ದೈನಿಕ’ ಅಡ್ಡ ಸಾಲುಗಳಲ್ಲಿ ಹೊರಬಂತು. ಮರುವರ್ಷದ ಅದೇ ದಿನ ಕಮ್ಯುನಿಸ್ಟ್ ಪಕ್ಷದ ‘ಪೀಪಲ್ಸ್ ಡೈಲಿ’ ಕೂಡ ಅದೇ ಹಾದಿ ಹಿಡಿಯಿತು. ಶಾಲೆಯ ಪುಸ್ತಕಗಳೂ ಬದಲಾದವು. ಹೀಗೆ ಅಡ್ಡ ಸಾಲುಗಳನ್ನೇ ಓದುತ್ತ ಬೆಳೆದ ತಲೆಮಾರಿನವರ ಕಣ್ಣಿನ ಚಲನೆಯನ್ನು ಸುನ್ ಎಂಬ ಚೀನೀ ವಿಜ್ಞಾನಿ ಅಮೆರಿಕದ ಲಾರೆನ್ಸ್ ಸ್ಟಾರ್ಕ್ ಮೊದಲಾದವರ ಜೊತೆ ಅಧ್ಯಯನ ಮಾಡಿ 1985ರಲ್ಲಿ ಪ್ರಕಟಿಸಿದರು. ಈ ಓದುಗರು ಅಡ್ಡ ಸಾಲನ್ನೇ ಬೇಗ ಓದಿದರು, ಲಂಬ ಸಾಲಿನಲ್ಲಿ ನಿಧಾನವಾದರು. ಅಜ್ಜನ ಕಾಲದ ಫಲಿತಾಂಶ ಮೊಮ್ಮಗನ ಕಾಲಕ್ಕೆ ತಲೆಕೆಳಗಾಗಿತ್ತು. ಕಣ್ಣು ಅದೇ, ಲಿಪಿಯೂ ಬಹುಮಟ್ಟಿಗೆ ಅದೇ. ಬದಲಾದದ್ದು ರೂಢಿ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಹತ್ವದ ಸಂಗತಿಯಿತ್ತು. ಅಕ್ಷರಗಳ ಸಂಖ್ಯೆಯನ್ನು ಪದಗಳ ಲೆಕ್ಕಕ್ಕೆ ಪರಿವರ್ತಿಸಿ ನೋಡಿದಾಗ, ಚೀನೀ ಓದುಗನ ವೇಗವೂ ಇಂಗ್ಲಿಷ್ ಓದುಗನ ವೇಗವೂ ಹೆಚ್ಚುಕಡಿಮೆ ಸರಿಸಮವಾಗಿದ್ದವು.

ಚಲಿಸುವ ಕಿಟಕಿ

ಒಂದು ನಿಲುಗಡೆಯಲ್ಲಿ ಕಣ್ಣು ಎಷ್ಟು ದೂರದವರೆಗೆ ಅಕ್ಷರಗಳನ್ನು ಗ್ರಹಿಸುತ್ತದೆ? ಇದನ್ನು ಕಂಡುಹಿಡಿಯಲು ಅಮೆರಿಕದ ಜಾರ್ಜ್ ಮೆಕಾಂಕಿ ಮತ್ತು ಕೀತ್ ರೇನರ್ 1975ರಲ್ಲಿ ಒಂದು ಜಾಣ ಉಪಾಯ ಹೂಡಿದರು. ಓದುಗನನ್ನು ಕಂಪ್ಯೂಟರ್ ಪರದೆಯ ಎದುರು ಕೂರಿಸಿ, ಆತ ನೋಡುತ್ತಿರುವ ಜಾಗದ ಸುತ್ತಲಿನ ಕೆಲವು ಅಕ್ಷರಗಳನ್ನು ಮಾತ್ರ ಸರಿಯಾಗಿ ತೋರಿಸಿ ಉಳಿದುದನ್ನೆಲ್ಲ ಅರ್ಥವಿಲ್ಲದ ಅಕ್ಷರಗಳಿಂದ ಮುಚ್ಚಿಬಿಡುವುದು. ಕಣ್ಣು ಸರಿದಂತೆ ಈ ‘ಕಿಟಕಿ’ಯೂ ಜೊತೆಗೇ ಸರಿಯುತ್ತದೆ. ಕಿಟಕಿ ತೀರ ಕಿರಿದಾದರೆ ಓದು ಕುಂಟುತ್ತದೆ. ಯಾವ ಅಳತೆಗೆ ಬಂದಾಗ ಓದು ಮಾಮೂಲಿನಂತೆ ನಡೆಯುತ್ತದೋ ಅದೇ ನೋಟದ ಹರವು.

ಇಂಗ್ಲಿಷ್ ಓದುಗನಿಗೆ ಈ ಹರವು ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರ. ಬಲಕ್ಕೆ ಹೆಚ್ಚು, ಏಕೆಂದರೆ ಮುಂದೆ ಓದಬೇಕಾದದ್ದು ಅಲ್ಲಿದೆ. ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ ಭಾಷೆಯ ಓದುಗರ ಮೇಲೆ 1981ರಲ್ಲಿ ನಡೆದ ಪ್ರಯೋಗದಲ್ಲಿ ಹರವು ಎಡಕ್ಕೆ ವಾಲಿತ್ತು. ಅದೇ ಜನ ಇಂಗ್ಲಿಷ್ ಓದುವಾಗ ಹರವು ಮತ್ತೆ ಬಲಕ್ಕೆ ವಾಲಿತು!

ಚೀನೀ ಓದಿನ ಮೇಲೆ ಆಲ್ಬ್ರೆಕ್ಟ್ ಇನ್‌ಹಾಫ್ ಮತ್ತು ಲಿಯು ಎಂಬುವರು ಇಂಥದೇ ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ: ಎಡಕ್ಕೆ ಒಂದು ಅಕ್ಷರ, ಬಲಕ್ಕೆ ಮೂರು ಅಕ್ಷರ. ಮೇಲ್ನೋಟಕ್ಕೆ ಇದು ಬಹಳ ಕಡಿಮೆ ಎನ್ನಿಸಬಹುದು. ಆದರೆ ಬಹುಪಾಲು ಚೀನೀ ಪದಗಳಿಗೆ ಎರಡೇ ಅಕ್ಷರ. ಒಂದೊಂದು ಅಕ್ಷರವೂ ಒಂದು ಉಚ್ಚಾರಾಂಶದ ಜೊತೆಗೆ ಸಾಮಾನ್ಯವಾಗಿ ಒಂದು ಅರ್ಥವನ್ನೂ ಹೊತ್ತಿರುತ್ತದೆ. ಹಾಗಾಗಿ ಈ ಪುಟ್ಟ ಕಿಟಕಿಯೊಳಗೆ ತುಂಬಿರುವ ವಿಷಯ ಕಡಿಮೆಯದೇನಲ್ಲ.

ತೆರಪಿಲ್ಲದ ಸಾಲು

ಇಲ್ಲಿಂದ ಮುಂದೆ ಎದುರಾದದ್ದು ಅತ್ಯಂತ ಕಗ್ಗಂಟಿನ ಪ್ರಶ್ನೆ. ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಎರಡು ಪದಗಳ ನಡುವೆ ತೆರಪು ಇರುತ್ತದೆ. ಮುಂದಿನ ಪದ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಅಂಚಿನ ಮಸುಕು ನೋಟಕ್ಕೂ ತಿಳಿಯುತ್ತದೆ. ಇಂಗ್ಲಿಷ್ ಓದುಗನ ಕಣ್ಣು ಸಾಮಾನ್ಯವಾಗಿ ಪದದ ನಡುವಿಗಿಂತ ಸ್ವಲ್ಪ ಎಡಕ್ಕೆ ಬಂದು ಇಳಿಯುತ್ತದೆ ಎಂದು ರೇನರ್ 1979ರಲ್ಲೇ ತೋರಿಸಿದ್ದರು. ತೆರಪುಗಳನ್ನು ತೆಗೆದುಬಿಟ್ಟರೆ ಇಂಗ್ಲಿಷ್ ಓದು ಗಣನೀಯವಾಗಿ ನಿಧಾನವಾಗುತ್ತದೆ.

ಚೀನೀ ಬರಹದಲ್ಲಿ ಪದಗಳ ನಡುವೆ ತೆರಪೇ ಇಲ್ಲ. ಅಕ್ಷರಗಳೆಲ್ಲ ಒಂದೇ ಅಳತೆಯ ಚೌಕಗಳಂತೆ, ಸಮಾನ ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ಬೇ, ಜಿಂಗ್, ದಾ, ಶ್ಯುಎ, ಶಂಗ್ ಎಂಬ ಐದು ಅಕ್ಷರಗಳು ಒಟ್ಟಿಗೆ ಬಂದವೆನ್ನಿ. ಮೊದಲೆರಡು ಸೇರಿ ‘ಬೀಜಿಂಗ್’. ಮೂರನೆಯದೂ ನಾಲ್ಕನೆಯದೂ ಸೇರಿ ‘ವಿಶ್ವವಿದ್ಯಾಲಯ’. ನಾಲ್ಕನೆಯದೂ ಐದನೆಯದೂ ಸೇರಿ ‘ವಿದ್ಯಾರ್ಥಿ’. ಕೊನೆಯ ಮೂರೂ ಸೇರಿ ‘ಕಾಲೇಜು ವಿದ್ಯಾರ್ಥಿ’. ಇಲ್ಲಿ ಹೇಳುತ್ತಿರುವುದು ಬೀಜಿಂಗ್ ನಗರದ ಕಾಲೇಜು ವಿದ್ಯಾರ್ಥಿಯ ಬಗೆಗೋ, ‘ಬೀಜಿಂಗ್ ವಿಶ್ವವಿದ್ಯಾಲಯ’ ಎಂಬ ಸಂಸ್ಥೆಯ ವಿದ್ಯಾರ್ಥಿಯ ಬಗೆಗೋ? ಸಾಲನ್ನು ಎಲ್ಲಿ ಒಡೆಯಬೇಕೆಂದು ಓದುಗನೇ ತೀರ್ಮಾನಿಸಬೇಕು.

ಈ ಫಜೀತಿ ಕನ್ನಡಿಗರಿಗೆ ಅಪರಿಚಿತವೇನಲ್ಲ. ‘ಮನೆಯಲ್ಲಾಡಿತು’ ಎಂಬುದನ್ನು ನೋಡಿ. ಮಗು ‘ಮನೆಯಲ್ಲಿ ಆಡಿತು’ ಎಂದು ಬಿಡಿಸಬಹುದು. ಭೂಕಂಪಕ್ಕೆ ‘ಮನೆ ಅಲ್ಲಾಡಿತು’ ಎಂದೂ ಬಿಡಿಸಬಹುದು. ಹಿಂದೆ ಬಂದ ಮಾತು ತಿಳಿದಿದ್ದರೆ ಗೊಂದಲವಿಲ್ಲ. ನಮ್ಮ ತಾಳೆಗರಿಗಳಲ್ಲೂ ಶಾಸನಗಳಲ್ಲೂ ಪದಗಳ ನಡುವೆ ತೆರಪು ಬಿಡದೆ ಒಂದೇ ಸಮನೆ ಬರೆಯುವ ರೂಢಿಯಿತ್ತು. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಪದವಿಭಾಗಕ್ಕಾಗಿ ತಲೆ ಕೆಡಿಸಿಕೊಂಡದ್ದು ಇದರಿಂದಲೇ. ಯುರೋಪಿನಲ್ಲೂ ಪ್ರಾಚೀನ ಲ್ಯಾಟಿನ್ ಬರಹ ಹೀಗೆಯೇ ಇತ್ತು. ಪದಗಳ ನಡುವೆ ತೆರಪು ಬಿಡುವ ಪದ್ಧತಿಯನ್ನು ಅಲ್ಲಿ ರೂಢಿಗೆ ತಂದವರಲ್ಲಿ ಐರ್ಲೆಂಡಿನ ಕ್ರೈಸ್ತ ಸನ್ಯಾಸಿಗಳು ಮೊದಲಿಗರು. ಚೀನೀಯರು ಮಾತ್ರ ಇಂದಿಗೂ ತೆರಪಿಲ್ಲದೆಯೇ ಓದುತ್ತಿದ್ದಾರೆ.

ಗುರಿ ಇದೆಯೇ, ಇಲ್ಲವೇ?

ಚೀನೀ ಓದುಗನ ಕಣ್ಣು ಮುಂದೆ ಎಲ್ಲಿಗೆ ನೆಗೆಯಬೇಕೆಂದು ಹೇಗೆ ತೀರ್ಮಾನಿಸುತ್ತದೆ? ಲಿ ಶಿಂಗ್‌ಶಾನ್ ಕೈಗೆತ್ತಿಕೊಂಡ ಪ್ರಶ್ನೆ ಇದೇ. 2009ರಲ್ಲಿ ರೇನರ್ ಮತ್ತು ಕೈಲ್ ಕೇವ್ ಅವರೊಂದಿಗೆ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಓದುಗರಿಗೆ ನಾಲ್ಕು ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ, ಕಂಡದ್ದನ್ನು ಹೇಳುವಂತೆ ಕೇಳಿದರು. ನಾಲ್ಕೂ ಸೇರಿ ಒಂದೇ ಪದವಾಗಿದ್ದರೆ ಓದುಗರು ಸಾಮಾನ್ಯವಾಗಿ ಎಲ್ಲವನ್ನೂ ಹೇಳಿದರು. ಎರಡೆರಡು ಅಕ್ಷರಗಳ ಎರಡು ಪದಗಳಾಗಿದ್ದರೆ ಅನೇಕ ಸಲ ಮೊದಲ ಪದವನ್ನಷ್ಟೇ ಹೇಳಿ ನಿಲ್ಲಿಸಿದರು. ಪರದೆಯ ಮೇಲೆ ಪದದ ಗಡಿ ಎಲ್ಲೂ ಇರಲಿಲ್ಲ. ಆದರೂ ಓದುಗನ ಮನಸ್ಸಿನಲ್ಲಿ ಅದು ಸ್ಪಷ್ಟವಾಗಿತ್ತು.

ಹಾಗಾದರೆ ಕಣ್ಣು ಕೂಡ ಪದದ ನಡುವನ್ನು ಗುರಿಯಾಗಿಟ್ಟು ನೆಗೆಯುತ್ತದೆಯೇ? 2011ರಲ್ಲಿ ಲಿ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿದರು. ವಾಕ್ಯದ ಒಂದೇ ಜಾಗದಲ್ಲಿ ಒಮ್ಮೆ ಎರಡಕ್ಷರದ ಪದ, ಇನ್ನೊಮ್ಮೆ ನಾಲ್ಕಕ್ಷರದ ಪದ ಇಟ್ಟರು. ನಡುವೇ ಗುರಿಯಾಗಿದ್ದರೆ ಉದ್ದದ ಪದದಲ್ಲಿ ಕಣ್ಣು ಇನ್ನಷ್ಟು ಒಳಗೆ ಹೋಗಿ ಇಳಿಯಬೇಕಿತ್ತು. ಹಾಗಾಗಲಿಲ್ಲ. ಎರಡರಲ್ಲೂ ಕಣ್ಣು ಇಳಿದ ಜಾಗಗಳು ಒಂದೇ ಬಗೆಯಾಗಿದ್ದವು.

ಈ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ಯಾನ್ ಮಿಂಗ್, ಜರ್ಮನಿಯ ರೈನ್‌ಹೋಲ್ಡ್ ಕ್ಲೀಗ್ಲ್ ಮೊದಲಾದವರು 2010ರಲ್ಲಿ ಬೇರೆ ವಿವರಣೆ ಕೊಟ್ಟಿದ್ದರು. ಮುಂದಿನ ಪದದ ಗಡಿ ಅಂಚಿನ ನೋಟಕ್ಕೆ ಮೊದಲೇ ಸಿಕ್ಕರೆ ಕಣ್ಣು ಅದರ ನಡುವಿಗೆ ಹೋಗುತ್ತದೆ, ಸಿಗದಿದ್ದರೆ ಪದದ ಆರಂಭಕ್ಕೆ ಹೋಗುತ್ತದೆ ಎಂಬುದು ಅವರ ಅಭಿಪ್ರಾಯ. ಅವರು ಕಂಡ ಮಾದರಿಯನ್ನು ಲಿ ಅಲ್ಲಗಳೆಯಲಿಲ್ಲ. ಆದರೆ ಕಣ್ಣಿಗೆ ಯಾವ ಗುರಿಯೂ ಇಲ್ಲವೆಂದು ಇಟ್ಟುಕೊಂಡು ಲೆಕ್ಕ ಹಾಕಿದರೂ ಅದೇ ಮಾದರಿ ಬರುತ್ತದೆ ಎಂದು ತೋರಿಸಿದರು.

ಲಿ ಅವರ ವಿವರಣೆ ಸರಳವಾಗಿದೆ. ಓದುಗ ಒಂದು ನಿಲುಗಡೆಯಲ್ಲಿ ಎಷ್ಟಾಗುತ್ತದೋ ಅಷ್ಟನ್ನು ಅರ್ಥ ಮಾಡಿಕೊಳ್ಳುತ್ತಾನೆ. ಆನಂತರ ಅರ್ಥವಾದುದನ್ನು ದಾಟಿ, ಹೊಸದು ಸಿಗುವ ಜಾಗಕ್ಕೆ ಕಣ್ಣನ್ನು ಕಳಿಸುತ್ತಾನೆ. ನಿಂತ ಜಾಗದಲ್ಲಿರುವುದು ಚಿರಪರಿಚಿತ ಪದವಾದರೆ ಮುಂದಿನ ನೆಗೆತ ಉದ್ದವಾಗುತ್ತದೆ, ಅಪರೂಪದ ಪದವಾದರೆ ಗಿಡ್ಡವಾಗುತ್ತದೆ ಎಂದು ಅವರ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ತೋರಿಸಿತು. ಗೊತ್ತಿರುವ ದಾರಿಯಲ್ಲಿ ಹೆಜ್ಜೆ ಬೀಸಾಗುವಂತೆ ಇದು.

2020ರಲ್ಲಿ ಅಲೆಕ್ಸಾಂಡರ್ ಪೊಲಾಟ್ಸೆಕ್ ಅವರೊಂದಿಗೆ ಲಿ ಇದನ್ನೆಲ್ಲ ಒಂದು ಗಣಕ ಮಾದರಿಯಾಗಿ ರೂಪಿಸಿದರು. ಅದರ ಪ್ರಕಾರ ಕಣ್ಣಿನ ಹರವಿನೊಳಗಿನ ಅಕ್ಷರಗಳಿಂದ ಆಗಬಹುದಾದ ಪದಗಳೆಲ್ಲ ಮನಸ್ಸಿನಲ್ಲಿ ಒಟ್ಟಿಗೆ ಎಚ್ಚೆತ್ತು ಪರಸ್ಪರ ಪೈಪೋಟಿ ನಡೆಸುತ್ತವೆ. ಗೆದ್ದ ಪದವೇ ಓದುಗನಿಗೆ ಕಾಣುವ ಪದ. ಅದು ಗೆದ್ದಾಗ ಅದರ ಗಡಿಯೂ ತೀರ್ಮಾನವಾದಂತೆ. ಗಡಿ ಕಂಡ ಮೇಲೆ ಪದ ಗುರುತಿಸುವುದಲ್ಲ, ಪದ ಗುರುತಿಸುವುದೂ ಗಡಿ ಹಾಕುವುದೂ ಒಂದೇ ಕೆಲಸ.

ತೆರಪು ಬಿಟ್ಟರೆ ಏನಾಗುತ್ತದೆ?

ಇಷ್ಟೆಲ್ಲ ಕಷ್ಟವೇಕೆ, ಚೀನೀ ಬರಹದಲ್ಲೂ ತೆರಪು ಬಿಟ್ಟರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ತಿಯೆನ್‌ಜಿನ್‌ನ ಬಾಯ್ ಶ್ಯುಎಜುನ್, ಯಾನ್ ಗುವೊಲಿ ಮತ್ತು ಬ್ರಿಟನ್ನಿನ ಸೈಮನ್ ಲಿವರ್ಸೆಜ್, ರೇನರ್ ಮೊದಲಾದವರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ಬರಹವನ್ನು ನಾಲ್ಕು ಬಗೆಯಲ್ಲಿ ತೋರಿಸಲಾಯಿತು: ಮಾಮೂಲಿನಂತೆ ತೆರಪಿಲ್ಲದೆ, ಪ್ರತಿ ಅಕ್ಷರದ ನಂತರ ತೆರಪಿಟ್ಟು, ಪದಗಳ ನಡುವೆ ತೆರಪಿಟ್ಟು, ಪದಗಳು ತಪ್ಪಾಗಿ ಒಡೆಯುವಂತೆ ತೆರಪಿಟ್ಟು. ಅಕ್ಷರಕ್ಕೊಂದು ತೆರಪು ಇದ್ದಾಗ, ತಪ್ಪು ತೆರಪು ಇದ್ದಾಗ ಓದು ನಿಧಾನವಾಯಿತು. ಪದಗಳ ನಡುವಿನ ತೆರಪಿನಿಂದ ತೊಂದರೆಯಾಗಲಿಲ್ಲ, ಲಾಭವೂ ಆಗಲಿಲ್ಲ. ಜೀವಮಾನದಲ್ಲಿ ಎಂದೂ ಕಾಣದಿದ್ದ ತೆರಪಿನ ಬರಹವನ್ನು ಆ ಓದುಗರು ಮಾಮೂಲಿ ಬರಹದಷ್ಟೇ ಸಲೀಸಾಗಿ ಓದಿದರು. ಚೀನೀ ಓದಿನಲ್ಲೂ ಪದವೇ ಮುಖ್ಯ ಘಟಕ ಎಂಬುದಕ್ಕೆ ಇದು ಬಲವಾದ ಸಾಕ್ಷ್ಯವಾಯಿತು.

ನುರಿತ ಓದುಗನಿಗೆ ಲಾಭವಿಲ್ಲ, ಸರಿ. ಕಲಿಯುವವರಿಗೆ? ಅಮೆರಿಕ, ಕೊರಿಯ, ಜಪಾನ್, ಥಾಯ್ಲೆಂಡ್‌ಗಳಿಂದ ಬಂದು ಚೀನೀ ಕಲಿಯುತ್ತಿದ್ದ ವಿದ್ಯಾರ್ಥಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪದಗಳ ನಡುವಿನ ತೆರಪು ಅವರೆಲ್ಲರಿಗೂ ನೆರವಾಯಿತು. ಹೊಸ ಪದಗಳನ್ನು ಕಲಿಯುವಾಗ ಚೀನೀ ಓದುಗರಿಗೂ ಅದು ಸಹಾಯಕ ಎಂದು ಅದೇ ವರ್ಷದ ಇನ್ನೊಂದು ಸಂಶೋಧನೆ ತಿಳಿಸಿತು. ಪಠ್ಯಪುಸ್ತಕ ಸಿದ್ಧಪಡಿಸುವವರಿಗೆ ಇದು ಉಪಯುಕ್ತ ಮಾಹಿತಿ. ಸೈಕಲ್ ಕಲಿಯುವ ಮಗುವಿಗೆ ಹಿಂದಿನಿಂದ ಹಿಡಿದುಕೊಳ್ಳುವ ಕೈ ಬೇಕು, ಕಲಿತ ಮೇಲೆ ಬೇಡ.

ಲಿಪಿಯ ಮೇಲಿನ ಆರೋಪ

2016ರಲ್ಲಿ ಲಿವರ್ಸೆಜ್ ಮತ್ತು ಸಂಗಡಿಗರು ಒಂದೇ ವಿಷಯದ ಬರಹವನ್ನು ಚೀನೀ, ಇಂಗ್ಲಿಷ್, ಫಿನ್ನಿಷ್ ಭಾಷೆಗಳಲ್ಲಿ ಸಿದ್ಧಪಡಿಸಿ ಆಯಾ ಭಾಷೆಯವರಿಗೆ ಓದಲು ಕೊಟ್ಟರು. ಫಿನ್ನಿಷ್ ಭಾಷೆ ನಮ್ಮ ಕನ್ನಡದಂತೆ ಪ್ರತ್ಯಯಗಳನ್ನು ಸೇರಿಸಿ ಉದ್ದುದ್ದ ಪದಗಳನ್ನು ಕಟ್ಟುವ ಭಾಷೆ. ಮೂರರಲ್ಲೂ ಕಣ್ಣಿನ ನಿಲುಗಡೆಗಳೂ ನೆಗೆತಗಳೂ ಬೇರೆ ಬೇರೆಯಾಗಿದ್ದವು. ಆದರೆ ಒಂದು ವಾಕ್ಯವನ್ನು ಓದಿ ಮುಗಿಸಲು ಹಿಡಿದ ಒಟ್ಟು ಸಮಯ ಮೂರು ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ದಾರಿ ಬೇರೆಯಾದರೂ ಊರು ಸೇರುವ ಹೊತ್ತು ಒಂದೇ.

ಹಾಗೆಂದು ಚೀನೀ ಲಿಪಿಯನ್ನು ಕಲಿಯುವುದು ಸುಲಭವೆಂದು ಅರ್ಥವಲ್ಲ. 1988ರಲ್ಲಿ ಚೀನಾ ಸರ್ಕಾರ ಪ್ರಕಟಿಸಿದ ನಿತ್ಯಬಳಕೆಯ ಅಕ್ಷರಗಳ ಪಟ್ಟಿಯಲ್ಲೇ 3,500 ಅಕ್ಷರಗಳಿವೆ. ಮಕ್ಕಳು ಇದಕ್ಕಾಗಿ ವರ್ಷಗಟ್ಟಲೆ ಬರೆದು ತಿದ್ದಬೇಕು. ಆದರೆ ಕಲಿತ ಮೇಲೆ ಆ ಲಿಪಿ ಓದುಗನನ್ನು ಹಿಂದಕ್ಕೆಳೆಯುವುದಿಲ್ಲ. ಚೀನಾ 1950ರ ದಶಕದಲ್ಲಿ ಅಕ್ಷರಗಳನ್ನು ಸರಳಗೊಳಿಸಿತು. 1958ರಲ್ಲಿ ಉಚ್ಚಾರಣೆ ಕಲಿಸಲು ರೋಮನ್ ಅಕ್ಷರಗಳ ‘ಪಿನ್‌ಯಿನ್’ ಪದ್ಧತಿಯನ್ನು ತಂದಿತು. ಲಿಪಿಯನ್ನು ಮಾತ್ರ ಬಿಡಲಿಲ್ಲ. 2020ರ ಜನಗಣತಿಯ ವೇಳೆಗೆ ಅಲ್ಲಿ ಅನಕ್ಷರತೆಯ ಪ್ರಮಾಣ ಶೇ. 2.67ಕ್ಕೆ ಇಳಿದಿತ್ತು. ಸುಧಾರಕರು ಲಿಪಿಯ ತಲೆಗೆ ಕಟ್ಟಿದ್ದ ತಪ್ಪು, ಬಹುಮಟ್ಟಿಗೆ ಶಾಲೆಗಳಿಲ್ಲದ ತಪ್ಪಾಗಿತ್ತು.

ಚಿಯೆನ್ ಶುವಾನ್‌ತುಂಗ್ 1939ರಲ್ಲಿ ತೀರಿಕೊಂಡರು. ಚೀನೀ ದಿನಪತ್ರಿಕೆ ಅಡ್ಡ ಸಾಲಿನಲ್ಲಿ ಅಚ್ಚಾದದ್ದನ್ನು ನೋಡಲು ಅವರಿರಲಿಲ್ಲ. ಚೀನಾದಲ್ಲಿ ಅವರು ಬಯಸಿದ ಅಡ್ಡ ಸಾಲೇ ಗೆದ್ದಿತು. ತೈವಾನ್ ಸರ್ಕಾರ ಕೂಡ 2005ರಿಂದ ತನ್ನ ಕಡತಗಳಲ್ಲಿ ಅದನ್ನೇ ಬಳಸುತ್ತಿದೆ. ಆದರೆ ಅದಕ್ಕೆ ಅವರು ಕೊಟ್ಟಿದ್ದ ಕಾರಣ ನಿಲ್ಲಲಿಲ್ಲ. ಕಣ್ಣುಗಳು ಅಕ್ಕಪಕ್ಕ ಇದ್ದರೂ ಅವರ ಕಾಲದ ಓದುಗರು ಮೇಲಿನಿಂದ ಕೆಳಕ್ಕೆ ಸರಾಗವಾಗಿ ಓದುತ್ತಿದ್ದರು. ಅವರ ಮೊಮ್ಮಕ್ಕಳು ಎಡದಿಂದ ಬಲಕ್ಕೆ ಅಷ್ಟೇ ಸರಾಗವಾಗಿ ಓದಿದರು. ಕಣ್ಣು ಹೋಗುವುದು ಅದಕ್ಕೆ ಕಲಿಸಿದ ದಾರಿಯಲ್ಲಿ.